ಕತ್ತಲಾಗುವ ಮೊದಲೇ ಕೂಡಿಟ್ಟ ಬೆಳಕು

ಮಕ್ಕಳೇ, ಈ ವಾರದ ಮಾತು ಶುರು ಮಾಡುವ ಮುಂಚೆ ನಿಮ್ಮ ಮನೆಯ ಮುತ್ಯಾನನ್ನೋ ಆಯಿಯನ್ನೋ ಒಂದು ಪ್ರಶ್ನೆ ಕೇಳಿ: “ನೀವು ಸಣ್ಣವರಿದ್ದಾಗ ಮನೆಯಲ್ಲಿ ಕಂದೀಲು ಎಲ್ಲಿ ಇಡುತ್ತಿದ್ದರು?” ಅವರು ಒಂದು ಗಳಿಗೆಯೂ ಯೋಚಿಸದೆ ಉತ್ತರ ಹೇಳುತ್ತಾರೆ. ಅಡಿಗೆಮನೆಯ ಬಾಗಿಲ ಮಗ್ಗುಲಿನ ಮೊಳೆಗೆ, ಇಲ್ಲವೇ ಪಡಸಾಲೆಯ ಮಾಡದಲ್ಲಿ. ಕಡ್ಡಿಪೆಟ್ಟಿಗೆ ಎಲ್ಲಿರುತ್ತಿತ್ತು ಎಂದರೆ ಅದನ್ನೂ ಹೇಳುತ್ತಾರೆ. ಹೊತ್ತು ಮುಳುಗುವ ಮುಂಚೆ ಗಾಜು ಒರೆಸಿ, ಬತ್ತಿ ಕತ್ತರಿಸಿ, ಸೀಮೆಎಣ್ಣೆ ತುಂಬಿಡುವುದು ಮನೆಯ ಒಬ್ಬರ ಕೆಲಸವೇ ಆಗಿತ್ತು. ಕತ್ತಲಾದ ಮೇಲೆ ಎಣ್ಣೆ ಹುಡುಕುವ ಮನೆಗೆ ಊರವರು ನಗುತ್ತಿದ್ದರು.

ಆ ಕಂದೀಲಿನ ಶಿಸ್ತಿನಲ್ಲಿ ಮೂರು ಸಂಗತಿಗಳಿದ್ದವು. ಎಣ್ಣೆ ಮೊದಲೇ ತುಂಬಿರಬೇಕು. ದೀಪದ ಜಾಗ ಎಲ್ಲರಿಗೂ ಗೊತ್ತಿರಬೇಕು. ದಿನಾ ಒಬ್ಬರು ನೋಡಿಕೊಳ್ಳಬೇಕು. ಇಂದು ದೊಡ್ಡ ಆಸ್ಪತ್ರೆ, ಚಿತ್ರಮಂದಿರ, ಬಹುಮಹಡಿ ಕಟ್ಟಡಗಳಲ್ಲಿ ಇರುವ ‘ಕೇಂದ್ರ ಬ್ಯಾಟರಿ ತುರ್ತುದೀಪ ವ್ಯವಸ್ಥೆ’ ಎಂಬ ದೊಡ್ಡ ಹೆಸರಿನ ಯಂತ್ರ ಮಾಡುವುದೂ ಈ ಮೂರೇ ಕೆಲಸ. ಹೇಗೆ ಮಾಡುತ್ತದೆ ನೋಡೋಣ.

ಬೆಂಗಳೂರಿನಲ್ಲಿ ಓದುವ ನನ್ನ ಮೊಮ್ಮಗಳು ರಜೆಗೆ ನಿಡಗುಂದಿಗೆ ಬಂದಾಗ ಕೇಳಿದಳು: “ಮುತ್ಯಾ, ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಬಾಗಿಲ ಮ್ಯಾಲೆ ಓಡೋ ಮನಷಾನ ಚಿತ್ರ ಇರೋ ಹಸಿರು ದೀಪ ಒಂದು ಅದ. ಹಗಲೆಲ್ಲಾ ಉರಿತದ. ಕರೆಂಟ್ ದಂಡ ಅಲ್ಲೇನು?”

“ದಂಡ ಅಲ್ಲವ್ವಾ. ನೀನು ದಿನಾ ನೋಡಿ ನೋಡಿ ಆ ದಾರಿ ನಿನ್ನ ತಲಿಯೊಳಗ ಕುಂತದಲ್ಲ, ಅದಕ್ಕೇ ಅದು ಹಗಲೂ ಉರಿಯೋದು” ಎಂದೆ.

ಓಡುವ ಮನುಷ್ಯನ ಆ ಚಿತ್ರಕ್ಕೂ ಒಂದು ಕತೆ ಇದೆ. 1970ರ ದಶಕದ ಕೊನೆಗೆ ಜಪಾನಿನ ವಿನ್ಯಾಸಕಾರ ಯುಕಿಯೊ ಓಟಾ ಮತ್ತು ಅವರ ಸಂಗಡಿಗರು ರೂಪಿಸಿದ ಚಿತ್ರವದು. ಯಾವ ಭಾಷೆಯೂ ಬಾರದವನಿಗೆ, ಓದಲು ಬಾರದ ಅಜ್ಜಿಗೆ, ಇನ್ನೂ ಅಕ್ಷರ ಕಲಿಯದ ಮಗುವಿಗೆ ‘ಈ ಕಡೆ ಓಡು’ ಎಂದು ಹೇಳುತ್ತದೆ. ಹಸಿರೇ ಯಾಕೆಂದರೆ, ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪಿಗಿಂತ ಹಸಿರನ್ನು ಚೆನ್ನಾಗಿ ಹಿಡಿಯುತ್ತದೆ. ಜೊತೆಗೆ ಕೆಂಪು ಎಂದರೆ ಅಪಾಯ, ಹಸಿರು ಎಂದರೆ ಕ್ಷೇಮ ಎಂಬುದು ಎಲ್ಲರಿಗೂ ರೂಢಿಯಾದ ಮಾತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇಡೀ ಊರಿಗೆ ಕರೆಂಟ್ ಹೋದಾಗ ಆ ದೀಪಕ್ಕೆ ಕರೆಂಟ್ ಎಲ್ಲಿಂದ ಬರುತ್ತದೆ?

ಇದಕ್ಕೆ ಎರಡು ದಾರಿಗಳಿವೆ. ಒಂದು, ಪ್ರತಿ ದೀಪದ ಹೊಟ್ಟೆಯಲ್ಲೂ ಒಂದೊಂದು ಪುಟ್ಟ ಬ್ಯಾಟರಿ. ನಮ್ಮ ಮನೆಗಳಲ್ಲಿ ಗೋಡೆಗೆ ಸಿಕ್ಕಿಸಿ ಚಾರ್ಜ್ ಮಾಡುವ ದೀಪ ಇದೆಯಲ್ಲ, ಹಾಗೆ. ಎರಡು, ಕಟ್ಟಡದ ಒಂದು ಕೋಣೆಯಲ್ಲಿ ದೊಡ್ಡ ಬ್ಯಾಟರಿಗಳ ಸಾಲನ್ನೇ ಇಟ್ಟು, ಅಲ್ಲಿಂದ ಎಲ್ಲ ಮಹಡಿಗಳ ತುರ್ತುದೀಪಗಳಿಗೂ ತಂತಿ ಎಳೆಯುವುದು. ಈ ಎರಡನೆಯದೇ ಕೇಂದ್ರ ಬ್ಯಾಟರಿ.

ಹಿರಿಯರಿಗೆ ಇದು ಹೊಸದಲ್ಲ. ಹಿಂದೆ ಹಿಡಿಕೆ ತಿರುಗಿಸಿ ಮಾತಾಡುವ ಟೆಲಿಫೋನು ಇತ್ತು. ಅದರಲ್ಲಿ ಮಾತು ಸಾಗಿಸುವ ಬ್ಯಾಟರಿ ಆಯಾ ಫೋನಿನ ಹತ್ತಿರವೇ ಇರುತ್ತಿತ್ತು. ಆಮೇಲೆ ಬಂದ ಫೋನುಗಳಲ್ಲಿ ಬ್ಯಾಟರಿಯೇ ಇರಲಿಲ್ಲ. ಎಲ್ಲಕ್ಕೂ ಶಕ್ತಿ ಎಕ್ಸ್‌ಚೇಂಜಿನಿಂದ ತಂತಿಯಲ್ಲೇ ಬರುತ್ತಿತ್ತು. ಅಲ್ಲಿ ಎರಡೆರಡು ವೋಲ್ಟಿನ 24 ಸೆಲ್ಲುಗಳನ್ನು ಸಾಲಾಗಿ ಜೋಡಿಸಿ 48 ವೋಲ್ಟ್ ಮಾಡಿರುತ್ತಿದ್ದರು. ಅದಕ್ಕೇ ರಾತ್ರಿಯಿಡೀ ಕರೆಂಟ್ ಇಲ್ಲದಿದ್ದರೂ ಮನೆಯ ಫೋನು ಗಂಟೆ ಹೊಡೆಯುತ್ತಿತ್ತು. ನಮ್ಮ ಊರ ಮೇಲೆ ಹಾದುಹೋಗುತ್ತಿದ್ದ ರೈಲಿನ ಹಳೆಯ ನೀಲಿ ಡಬ್ಬಿಗಳಲ್ಲೂ ಅದೇ ಉಪಾಯ. ಡಬ್ಬಿಯ ಕೆಳಗೆ 110 ವೋಲ್ಟಿನ ಬ್ಯಾಟರಿ ಪೆಟ್ಟಿಗೆ. ಗಾಲಿ ತಿರುಗುವಾಗ ಅಚ್ಚಿನಿಂದ ಬೆಲ್ಟಿನ ಮೂಲಕ ಯಂತ್ರ ತಿರುಗಿ ಅದನ್ನು ತುಂಬಿಸುತ್ತದೆ. ಗಾಡಿ ನಿಂತಾಗ ದೀಪ, ಫ್ಯಾನು ಅದರಿಂದಲೇ ನಡೆಯುತ್ತವೆ.

ಕಟ್ಟಡದ ಕೇಂದ್ರ ಬ್ಯಾಟರಿಯಲ್ಲಿ ನಾಲ್ಕು ಅಂಗಗಳಿವೆ. ಒಂದೊಂದಾಗಿ ನೋಡಿ.

ಮೊದಲನೆಯದು ಚಾರ್ಜರ್. ನಮ್ಮ ಮನೆಗೆ ಬರುವ ಕರೆಂಟು ಏಸಿ, ಅಂದರೆ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುವ ಕರೆಂಟು. ಬ್ಯಾಟರಿ ಕೂಡಿಡಬಲ್ಲದ್ದು ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟನ್ನು ಮಾತ್ರ. ಏಸಿಯನ್ನು ಡಿಸಿ ಮಾಡಿ ಬ್ಯಾಟರಿಗೆ ಉಣಿಸುವುದು ಚಾರ್ಜರಿನ ಕೆಲಸ. ಬ್ಯಾಟರಿ ತುಂಬಿದ ಮೇಲೂ ಅದು ಸುಮ್ಮನಿರುವುದಿಲ್ಲ. ಮನೆ ಮೇಲಿನ ನೀರಿನ ಟಾಕಿಯಲ್ಲಿ ತೇಲುವ ಚೆಂಡು ನೋಡಿದ್ದೀರಲ್ಲ? ನೀರು ತುಸು ಇಳಿದರೆ ಚೆಂಡು ಇಳಿದು ನೀರು ಬಿಡುತ್ತದೆ, ತುಂಬಿದರೆ ನಿಲ್ಲಿಸುತ್ತದೆ. ಹಾಗೆಯೇ ಬ್ಯಾಟರಿ ಸುಮ್ಮನೆ ಕುಳಿತಾಗಲೂ ತುಸು ತುಸು ಸೋರುವುದನ್ನು ಚಾರ್ಜರು ಹನಿ ಹನಿಯಾಗಿ ತುಂಬುತ್ತಿರುತ್ತದೆ. ಈ ಸ್ಥಿತಿಗೆ ಎಂಜಿನಿಯರುಗಳೂ ‘ಫ್ಲೋಟ್’, ಅಂದರೆ ತೇಲುವುದು ಎಂದೇ ಹೆಸರಿಟ್ಟಿದ್ದಾರೆ.

ಎರಡನೆಯದು ಬ್ಯಾಟರಿ ಸಾಲು. ಹೆಚ್ಚಾಗಿ ಸೀಸ ಮತ್ತು ಗಂಧಕಾಮ್ಲದ ಸೆಲ್ಲುಗಳು. ಫ್ರಾನ್ಸಿನ ಗಾಸ್ಟೊನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಬಗೆ ಇದು. ನಿಮ್ಮ ಮನೆಯ ಇನ್ವರ್ಟರ್ ಬ್ಯಾಟರಿ ಇದರದೇ ಬಳಗ. ಒಂದು ಸೆಲ್ಲಿಗೆ 2 ವೋಲ್ಟ್. 12 ಸೆಲ್ ಸೇರಿದರೆ 24 ವೋಲ್ಟ್, 55 ಸೇರಿದರೆ 110, 110 ಸೇರಿದರೆ 220 ವೋಲ್ಟ್. ಚಿಕ್ಕ ಕಟ್ಟಡಕ್ಕೆ 24 ಸಾಕು. ತಂತಿ ಉದ್ದವಾದಷ್ಟೂ ದಾರಿಯಲ್ಲಿ ವೋಲ್ಟೇಜು ಕಳೆದುಹೋಗುವುದರಿಂದ ದೊಡ್ಡ ಕಟ್ಟಡಗಳಿಗೆ 110 ಅಥವಾ 220 ಹಾಕುತ್ತಾರೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಬೇಕಾದರೆ ತಲೆಗೆ ಎತ್ತರ ಬೇಕು ಎಂಬುದು ಕೃಷ್ಣೆಯ ಕಾಲುವೆ ಕಂಡ ನಮ್ಮ ರೈತರಿಗೆ ಹೇಳಿಕೊಡಬೇಕೇ?

ಮೂರನೆಯದು ಬದಲಿ ಸ್ವಿಚ್ಚು, ಅಂದರೆ ರಿಲೇ. ನನಗೆ ಎಲ್ಲಕ್ಕಿಂತ ಇಷ್ಟವಾದ ಅಂಗ ಇದು. ಒಂದು ಸುರುಳಿ ತಂತಿ, ಒಂದು ಕಬ್ಬಿಣದ ಪಟ್ಟಿ, ಒಂದು ಸ್ಪ್ರಿಂಗು. ಊರಿನ ಕರೆಂಟ್ ಇರುವತನಕ ಸುರುಳಿ ಅಯಸ್ಕಾಂತವಾಗಿ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಕರೆಂಟ್ ಹೋಯಿತೋ, ಅಯಸ್ಕಾಂತದ ಶಕ್ತಿ ಸತ್ತಿತು, ಪಟ್ಟಿ ಕೈಬಿಟ್ಟಿತು, ಸ್ಪ್ರಿಂಗು ಅದನ್ನು ಎಳೆದು ಬ್ಯಾಟರಿಯ ದಾರಿಗೆ ತಗುಲಿಸಿತು. ಯಾರೂ ಓಡಿಹೋಗಿ ಗುಂಡಿ ಒತ್ತಬೇಕಿಲ್ಲ. ಕರೆಂಟ್ ಹೋಗುವುದೇ ಗುಂಡಿ ಒತ್ತಿದ ಹಾಗೆ! ಹೊಸ ಯಂತ್ರಗಳಲ್ಲಿ ಇದೇ ಕೆಲಸವನ್ನು ಎಲೆಕ್ಟ್ರಾನಿಕ್ ಭಾಗಗಳು ಮಾಡುವುದುಂಟು. ತತ್ವ ಮಾತ್ರ ಅದೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಟ್ಟಡಕ್ಕೆ ಕರೆಂಟ್ ಇದ್ದರೂ ಮೂರನೇ ಮಹಡಿಯ ಎಂಸಿಬಿ ಮಾತ್ರ ಬಿದ್ದು ಆ ಮಹಡಿಯ ಮೆಟ್ಟಿಲಷ್ಟೇ ಕತ್ತಲಾದರೆ? ಮುಖ್ಯ ತಂತಿಯನ್ನಷ್ಟೇ ನೋಡುವ ರಿಲೇ ‘ಎಲ್ಲ ಸರಿ ಇದೆ’ ಎಂದು ಕುಳಿತುಬಿಡುತ್ತದೆ. ಆದ್ದರಿಂದ ಸರಿಯಾಗಿ ಮಾಡಿದ ವ್ಯವಸ್ಥೆಯಲ್ಲಿ ಪ್ರತಿ ಮಹಡಿಯ ದೀಪದ ಸಾಲಿಗೂ ಒಂದು ಕಾವಲು ಇರುತ್ತದೆ. ಯಾವ ಮಹಡಿ ಕತ್ತಲಾಯಿತೋ ಅಲ್ಲಿಯ ತುರ್ತುದೀಪ ಹೊತ್ತಿಕೊಳ್ಳುತ್ತದೆ.

ನಾಲ್ಕನೆಯದು ತಂತಿ ಮತ್ತು ದೀಪ. ಬೆಂಕಿ ಬಿದ್ದಾಗಲೇ ಬೇಕಾಗುವ ದೀಪದ ತಂತಿ ಬೆಂಕಿಗೇ ಮೊದಲು ಕರಗಿದರೆ ಏನು ಉಪಯೋಗ? ಅದಕ್ಕೆ ಬೆಂಕಿ ತಡೆಯುವ ವಿಶೇಷ ತಂತಿಯನ್ನೇ ಹಾಕಬೇಕು. ದೀಪಗಳಲ್ಲಿ ಎರಡು ಜಾತಿ. ಸದಾ ಉರಿಯುವವು ಬಾಗಿಲ ಮೇಲಿನ ಹಸಿರು ಗುರುತಿನಂಥವು. ಕರೆಂಟ್ ಹೋದಾಗ ಮಾತ್ರ ಉರಿಯುವವು ಮೆಟ್ಟಿಲು, ಓಣಿ, ತಿರುವುಗಳಲ್ಲಿ ಇರುವವು.

“ಜನರೇಟರ್ ಇದೆಯಲ್ಲ, ಇಷ್ಟೆಲ್ಲ ಯಾಕೆ?” ಎಂದು ಯಾರಾದರೂ ಕೇಳಬಹುದು. ಮದುವೆ ಮನೆಯಲ್ಲಿ ಅಕ್ಷತೆ ಹಾಕುವ ಹೊತ್ತಿಗೆ ಕರೆಂಟ್ ಹೋದಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ಜನರೇಟರು ಚಾಲೂ ಆಗಿ ಸುಧಾರಿಸಿಕೊಂಡು ಬೆಳಕು ಕೊಡುವತನಕ ಹಾಲಿನ ತುಂಬ ಕತ್ತಲು, ಮಕ್ಕಳ ಚೀರಾಟ. ನಮ್ಮಂಥ ಎಪ್ಪತ್ತು ದಾಟಿದವರು ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದರೆ ಆ ಹತ್ತು ಸೆಕೆಂಡು ಸಾಕು, ಸೊಂಟದ ಮೂಳೆಗೆ. ಜನರೇಟರಿಗೆ ಡೀಸೆಲ್ ಬೇಕು, ಅದನ್ನು ಚಾಲೂ ಮಾಡಲಿಕ್ಕೂ ಒಂದು ಬ್ಯಾಟರಿ ಬೇಕು. ಬ್ಯಾಟರಿಯ ದೀಪ ಮಾತ್ರ ಕಣ್ಣು ಕತ್ತಲಿಗೆ ಹೆದರುವ ಮೊದಲೇ ಹತ್ತುತ್ತದೆ. ದೊಡ್ಡ ಕಟ್ಟಡಗಳಲ್ಲಿ ಎರಡೂ ಬೇಕು. ಒಂದು ಇನ್ನೊಂದರ ಬದಲಿಯಲ್ಲ.

ಕರೆಂಟ್ ಹುಟ್ಟುವ ಜಾಗಕ್ಕೇ ಇಂಥ ದೀಪ ಬೇಕು ಎಂದರೆ ನಂಬುತ್ತೀರಾ? ನಮ್ಮ ಪಕ್ಕದ ಆಲಮಟ್ಟಿಯನ್ನೇ ತೆಗೆದುಕೊಳ್ಳಿ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟು ಅದು. ಅವರು ಪ್ರಧಾನಿಯಾದದ್ದು ಮರುತಿಂಗಳು. ಜಲಾಶಯಕ್ಕೆ ಅವರದೇ ಹೆಸರು. ಅದರ ವಿದ್ಯುದಾಗಾರದಲ್ಲಿ 55 ಮೆಗಾವಾಟಿನ ಐದು, 15 ಮೆಗಾವಾಟಿನ ಒಂದು, ಒಟ್ಟು 290 ಮೆಗಾವಾಟಿನ ಯಂತ್ರಗಳಿವೆ. ಅತ್ತ ಕೂಡಗಿಯ ಶಾಖೋತ್ಪನ್ನ ಕೇಂದ್ರದಲ್ಲಿ 800 ಮೆಗಾವಾಟಿನ ಮೂರು, ಒಟ್ಟು 2,400 ಮೆಗಾವಾಟು. ಇಂಥ ಕೇಂದ್ರಗಳಲ್ಲಿ ಎಲ್ಲ ಯಂತ್ರಗಳೂ ಒಮ್ಮೆಲೇ ನಿಂತರೆ ಒಳಗೂ ಕತ್ತಲೇ. ಅದಕ್ಕೇ ಪ್ರತಿ ವಿದ್ಯುತ್ ಕೇಂದ್ರದಲ್ಲೂ ದೊಡ್ಡ ಬ್ಯಾಟರಿ ಕೋಣೆ ಇರುತ್ತದೆ. ಸಾಮಾನ್ಯವಾಗಿ 220 ಅಥವಾ 110 ವೋಲ್ಟ್ ಡಿಸಿ. ತುರ್ತುದೀಪ ಮಾತ್ರವಲ್ಲ, ದೊಡ್ಡ ಸ್ವಿಚ್ಚುಗಳನ್ನು ಬಿಡಿಸುವ ಶಕ್ತಿಯೂ ಅಲ್ಲಿಂದಲೇ. ಉಗಿಯ ಟರ್ಬೈನು ನಿಲ್ಲಲು ಬಹಳ ಹೊತ್ತು ಬೇಕು. ಅಷ್ಟು ಹೊತ್ತೂ ಅದರ ಬೇರಿಂಗುಗಳಿಗೆ ಎಣ್ಣೆ ಉಣಿಸುವ ತುರ್ತು ಪಂಪು ಕೂಡ ಬ್ಯಾಟರಿಯಿಂದಲೇ ಓಡುತ್ತದೆ. ಸಾವಿರಾರು ಊರುಗಳಿಗೆ ಬೆಳಕು ಕೊಡುವ ಮನೆಯೂ ತನ್ನ ಮಾಡದಲ್ಲಿ ಒಂದು ಕಂದೀಲು ಇಟ್ಟುಕೊಂಡಿದೆ ಅನ್ನಿ.

ಈಗ ನನ್ನ ಬಿಕಾಂ ಲೆಕ್ಕ. ಪೆನ್ಸಿಲು ತೆಗೆದುಕೊಳ್ಳಿ.

ಒಂದು ಕಲ್ಯಾಣ ಮಂಟಪಕ್ಕೆ 4 ವಾಟಿನ 60 ಎಲ್‌ಇಡಿ ತುರ್ತುದೀಪ ಬೇಕು ಎಂದುಕೊಳ್ಳೋಣ. ಒಟ್ಟು 240 ವಾಟು. 24 ವೋಲ್ಟಿನ ಬ್ಯಾಟರಿಯಾದರೆ 240ನ್ನು 24ರಿಂದ ಭಾಗಿಸಿ: 10 ಆಂಪಿಯರ್. ಎಷ್ಟು ಹೊತ್ತು ಉರಿಯಬೇಕು? ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕನಿಷ್ಠ 90 ನಿಮಿಷ, ಅಂದರೆ ಒಂದೂವರೆ ತಾಸು. 10ನ್ನು ಒಂದೂವರೆಯಿಂದ ಗುಣಿಸಿದರೆ 15 ಆಂಪಿಯರ್-ತಾಸು. ಹಾಗಾದರೆ 15ರ ಬ್ಯಾಟರಿ ಸಾಕೇ?

ಸಾಲದು. ಲೆಕ್ಕಪತ್ರ ಓದಿದವರಿಗೆ ‘ಸವಕಳಿ’ ಗೊತ್ತು. ಹೊಸ ಬ್ಯಾಟರಿ ಇಂದು ನೂರು ಕೊಟ್ಟರೆ, ಮುಪ್ಪಾದಾಗ ಎಂಬತ್ತು ಕೊಟ್ಟೀತು. ಆ ಮುಪ್ಪಿನ ದಿನವೂ ದೀಪ ಉರಿಯಲೇಬೇಕಲ್ಲ? ಆದ್ದರಿಂದ 15ನ್ನು 0.8ರಿಂದ ಭಾಗಿಸಬೇಕು: 18.75. ಇನ್ನೊಂದು ಕಡಿತವೂ ಉಂಟು. ಬ್ಯಾಟರಿಯ ಮೇಲೆ ಬರೆದ ಅಂಕಿ ಸಾಮಾನ್ಯವಾಗಿ ಹತ್ತಿಪ್ಪತ್ತು ತಾಸು ನಿಧಾನವಾಗಿ ಬಳಸಿದರೆ ಸಿಗುವ ಲೆಕ್ಕ. ಒಂದೂವರೆ ತಾಸಿನಲ್ಲಿ ಗಡಿಬಿಡಿಯಿಂದ ತೆಗೆದರೆ ಅಷ್ಟು ಕೊಡುವುದಿಲ್ಲ. ಹೀಗೆ ಲೆಕ್ಕ ಹಾಕುತ್ತಾ ಹೋದರೆ 25ರ ಆಚೆಯ ಬ್ಯಾಟರಿಯೇ ಬೇಕಾಗುತ್ತದೆ. ಅಗ್ಗವಾಯಿತೆಂದು 15ರದ್ದನ್ನೇ ಹಾಕಿದವನ ದೀಪ ಮೊದಲ ವರ್ಷವೇ ಹೊತ್ತಿಗೆ ಮುಂಚೆ ಆರುತ್ತದೆ.

ಎಲ್ಲರಿಗೂ ಕೇಂದ್ರ ಬ್ಯಾಟರಿಯೇ ಸರಿಯೇ? ಹಾಗೇನಿಲ್ಲ. ಹತ್ತು ಕೋಣೆಯ ಶಾಲೆಗೆ ಒಳಗೇ ಬ್ಯಾಟರಿ ಇರುವ ಬಿಡಿ ದೀಪಗಳೇ ಅಗ್ಗ. ಬೇರೆ ತಂತಿ ಬೇಡ, ಒಂದು ಕೆಟ್ಟರೆ ಉಳಿದವು ಉರಿಯುತ್ತವೆ. ಆದರೆ ಐನೂರು ದೀಪಗಳ ಆಸ್ಪತ್ರೆಯಲ್ಲಿ ಐನೂರು ಬ್ಯಾಟರಿಗಳನ್ನು ಏಣಿ ಹತ್ತಿ ಹತ್ತಿ ನೋಡುವವರು ಯಾರು? ಅಲ್ಲಿ ಒಂದೇ ತಂಪು ಕೋಣೆಯಲ್ಲಿ ಎಲ್ಲ ಬ್ಯಾಟರಿ ಇದ್ದರೆ ನೋಡಿಕೊಳ್ಳುವುದು ಸುಲಭ, ಆಯುಷ್ಯವೂ ಹೆಚ್ಚು. ನಮ್ಮ ವಿಜಯಪುರದ ಬಿಸಿಲಿಗೆ ತಗಡಿನ ಕೋಣೆಯಲ್ಲಿಟ್ಟ ಬ್ಯಾಟರಿ ಬೇಗ ಮುಪ್ಪಾಗುತ್ತದೆ ಎಂಬುದನ್ನು ಮರೆಯಬಾರದು. ಕೇಂದ್ರಕ್ಕೇ ತೊಂದರೆಯಾದರೆ ಎಲ್ಲವೂ ಕತ್ತಲಾಗುವ ಭಯ ಇರುವುದರಿಂದ ದೊಡ್ಡ ಕಡೆ ಬ್ಯಾಟರಿಯನ್ನು ಎರಡು ಸಾಲು ಮಾಡಿ ಹಂಚುತ್ತಾರೆ. ಹಣವನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಬೇಡ ಎಂದು ಹಿರಿಯರು ಹೇಳುವುದಿಲ್ಲವೇ?

ಮಕ್ಕಳೇ, ಇಷ್ಟು ಲೆಕ್ಕ, ಇಷ್ಟು ತಂತಿ ಯಾಕೆ ಎಂಬುದಕ್ಕೆ ಎರಡು ದುಃಖದ ಸಂಗತಿ ಹೇಳಲೇಬೇಕು. ದೊಡ್ಡವರು ಜೊತೆಗೆ ಕುಳಿತು ಓದಲಿ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಸಿನಿಮಾ ನಡೆಯುತ್ತಿದ್ದಾಗ ಬೆಂಕಿಯ ಹೊಗೆ ತುಂಬಿ 59 ಜನ ತೀರಿಕೊಂಡರು. ಬಾಲ್ಕನಿಯ ದಾರಿಗೆ ಹೆಚ್ಚುವರಿ ಕುರ್ಚಿಗಳು ಅಡ್ಡವಾಗಿದ್ದವು. ತುರ್ತುದೀಪದ ವ್ಯವಸ್ಥೆ ಇರಲಿಲ್ಲವೆಂಬುದೂ ನ್ಯಾಯಾಲಯದ ಮುಂದೆ ಬಂದ ಲೋಪಗಳಲ್ಲಿ ಒಂದು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ ಹೊಗೆ ಮೆಟ್ಟಿಲ ದಾರಿಯನ್ನೇ ತುಂಬಿತು. ಒಂಬತ್ತು ಜನ ಜೀವ ಕಳೆದುಕೊಂಡರು. ಇಂಥ ಕಡೆ ಜನ ಸಾಯುವುದು ಹೆಚ್ಚಾಗಿ ಉರಿಯಿಂದಲ್ಲ. ಹೊಗೆಯಿಂದ, ದಾರಿ ಕಾಣದೆ, ಬಾಗಿಲು ತೆರೆಯದೆ. ದೀಪ ಒಂದೇ ಇದ್ದರೂ ಸಾಲದು, ಅದು ತೋರಿಸಿದ ಬಾಗಿಲಿಗೆ ಬೀಗ ಇರಬಾರದು.

ನಮ್ಮ ಊರುಗಳ ಎಷ್ಟೋ ಮನೆಗಳ ಮಕ್ಕಳು ಇಂದು ಬೆಂಗಳೂರು, ಪುಣೆಯ ಎತ್ತರದ ಕಟ್ಟಡಗಳಲ್ಲಿ ಇದ್ದಾರೆ. ಕೃಷ್ಣೆಯ ಹಿನ್ನೀರಿಗೆ ಹೊಲ ಮನೆ ಬಿಟ್ಟುಕೊಟ್ಟವರ ಮೊಮ್ಮಕ್ಕಳು ಅದೇ ನೀರಿನ ಕರೆಂಟಿನಲ್ಲಿ ಲಿಫ್ಟು ಹತ್ತುತ್ತಾರೆ. ದೀಪಾವಳಿಗೆ, ಬಾಣಂತನಕ್ಕೆ ಎಂದು ನಾವೂ ಅಲ್ಲಿಗೆ ಹೋಗುತ್ತೇವೆ. ಹನ್ನೆರಡನೇ ಮಹಡಿಯಲ್ಲಿ ಕರೆಂಟ್ ಹೋದರೆ ಲಿಫ್ಟು ನಿಂತಿರುತ್ತದೆ, ನಮಗೆ ದಾರಿ ಗೊತ್ತಿರುವುದಿಲ್ಲ. ಆಗ ಕೈ ಹಿಡಿಯುವುದು ಆ ಪುಟ್ಟ ದೀಪ. ಅದು ಉರಿಯುತ್ತದೋ ಇಲ್ಲವೋ ಎಂಬುದು ಯಂತ್ರದ ಬೆಲೆಯ ಮೇಲಲ್ಲ, ಒಂದು ಪುಸ್ತಕದ ಮೇಲೆ ನಿಂತಿದೆ.

ಯಾವ ಪುಸ್ತಕ? ತಪಾಸಣೆಯ ರಿಜಿಸ್ಟರು. ತಿಂಗಳಿಗೊಮ್ಮೆ ಕರೆಂಟ್ ತೆಗೆದು ಎಲ್ಲ ತುರ್ತುದೀಪ ಹತ್ತುತ್ತವೆಯೇ ನೋಡಬೇಕು. ವರ್ಷಕ್ಕೊಮ್ಮೆ ಪೂರ್ತಿ ಒಂದೂವರೆ ತಾಸು ಉರಿಸಿ ನೋಡಬೇಕು. ತಾರೀಖು ಹಾಕಿ ಸಹಿ ಮಾಡಬೇಕು. ಬ್ಯಾಂಕಿನಲ್ಲಿ ನಾವು ದಿನವೂ ಸಂಜೆ ಖಜಾನೆಯ ಹಣವನ್ನು ಎಣಿಸಿ ಪುಸ್ತಕದ ಜೊತೆ ತಾಳೆ ನೋಡದೆ ಮನೆಗೆ ಹೋಗುತ್ತಿರಲಿಲ್ಲ. ನಿನ್ನೆ ಸರಿ ಇತ್ತು ಎಂಬುದು ಇವತ್ತಿನ ಲೆಕ್ಕವಲ್ಲ. ಬ್ಯಾಟರಿಯೂ ಹಾಗೇ, ಹೊರಗಿಂದ ನೋಡಿದರೆ ತುಂಬಿದ್ದೂ ಖಾಲಿಯಾದದ್ದೂ ಒಂದೇ ತರಹ ಕಾಣುತ್ತವೆ. ಉರಿಸಿ ನೋಡಿದರೆ ಮಾತ್ರ ಗೊತ್ತು.

ಒಂದು ಎಚ್ಚರಿಕೆ. ಬ್ಯಾಟರಿ ಕೋಣೆ ಆಟದ ಜಾಗವಲ್ಲ. ಚಾರ್ಜ್ ಆಗುವಾಗ ನೀರು ಹಾಕುವ ಬಗೆಯ ಸೆಲ್ಲುಗಳಿಂದ ಹೈಡ್ರೋಜನ್ ಹೊರಡುತ್ತದೆ. ಒಂದು ಕಿಡಿ ತಗುಲಿದರೆ ಸ್ಫೋಟ. ಅದಕ್ಕೇ ಅಲ್ಲಿ ಗಾಳಿ ಹೊರಗೆ ತಳ್ಳುವ ಫ್ಯಾನು ಇರುತ್ತದೆ. ಮನೆಯ ಇನ್ವರ್ಟರ್ ಬ್ಯಾಟರಿಯ ಮೇಲೆ ಬಟ್ಟೆ ಹೊದಿಸಬೇಡಿ, ಹತ್ತಿರ ಊದುಬತ್ತಿ ಹಚ್ಚಬೇಡಿ. ಬ್ಯಾಟರಿ ನೀರು ಹಾಕುವುದು ದೊಡ್ಡವರ ಕೆಲಸ.

ಈ ವಾರದ ಮನೆಗೆಲಸ, ಮುತ್ಯಾ-ಆಯಿ ಮತ್ತು ಮೊಮ್ಮಕ್ಕಳು ಜೊತೆಯಾಗಿ ಮಾಡುವಂಥದ್ದು:

ಒಂದು: ನಿಮ್ಮ ಮನೆಯ ಮೆಟ್ಟಿಲು ಎಷ್ಟು ಎಣಿಸಿ, ಬಾಯಿಪಾಠ ಮಾಡಿ. ಕತ್ತಲಲ್ಲಿ ಆ ಅಂಕಿಯೇ ಅರ್ಧ ದೀಪ.

ಎರಡು: ಟಾರ್ಚಿಗೆ ಒಂದು ಜಾಗ ಗೊತ್ತು ಮಾಡಿ. ಪ್ರತಿ ತಿಂಗಳ ಒಂದನೇ ತಾರೀಖು ಹಚ್ಚಿ ನೋಡಿ, ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅದೇ ನಿಮ್ಮ ರಿಜಿಸ್ಟರು.

ಮೂರು: ಶಾಲೆ, ಮಂಟಪ, ಆಸ್ಪತ್ರೆ, ಸಿನಿಮಾ, ಎಲ್ಲಿಗೆ ಹೋದರೂ ಕುಳಿತುಕೊಳ್ಳುವ ಮೊದಲು ಹಸಿರು ಗುರುತು ಎಲ್ಲಿದೆ ಹುಡುಕಿ. ಮೊದಲು ಕಂಡವರು ಗೆದ್ದಂತೆ. ಆ ಬಾಗಿಲಿಗೆ ಬೀಗ ಕಂಡರೆ, ಸಾಮಾನು ಅಡ್ಡ ಕಂಡರೆ ಅಲ್ಲಿಯ ಹಿರಿಯರಿಗೆ ಹೇಳಿ. ಸಣ್ಣವರ ಬಾಯಿಂದ ಬಂದ ಮಾತಿಗೆ ದೊಡ್ಡವರು ಬೇಗ ನಾಚುತ್ತಾರೆ.

ನಾಲ್ಕು: ಹೊಗೆ ಕಂಡರೆ ಲಿಫ್ಟು ಬೇಡ. ಹೊಗೆ ಮೇಲಕ್ಕೇರುತ್ತದೆ, ಬಗ್ಗಿ ನಡೆಯಿರಿ. ಗೋಡೆಗೆ ಕೈ ಹಚ್ಚಿ, ಅಜ್ಜಿಯ ಸೆರಗು ಬಿಡಬೇಡಿ.

ಕೊನೆಗೆ ಲೆಕ್ಕ. ಒಂದು ಶಾಲೆಗೆ 3 ವಾಟಿನ 40 ತುರ್ತುದೀಪ. ಬ್ಯಾಟರಿ 24 ವೋಲ್ಟ್. ಒಂದೂವರೆ ತಾಸು ಉರಿಯಬೇಕು. ಮುಪ್ಪಿನ ಸವಕಳಿಯನ್ನೂ ಸೇರಿಸಿ ಎಷ್ಟು ಆಂಪಿಯರ್-ತಾಸು ಬೇಕು? ಮೊದಲು ನೀವೇ ಮಾಡಿ, ಆಮೇಲೆ ಈ ಸಾಲು ಓದಿ: 40 ದೀಪಕ್ಕೆ 120 ವಾಟು, 5 ಆಂಪಿಯರ್, ಒಂದೂವರೆ ತಾಸಿಗೆ 7.5, ಸವಕಳಿ ಸೇರಿ 9.375. ಬೇಗ ತೆಗೆಯುವ ಕಡಿತವನ್ನೂ ನೆನಪಿಟ್ಟು ಇನ್ನಷ್ಟು ದೊಡ್ಡದು ಕೊಳ್ಳಬೇಕು ಎಂದು ಬರೆದವರಿಗೆ ನನ್ನಿಂದ ಪೂರ್ತಿ ಅಂಕ.